ಕೋಟೆ ಒಳಗಿನ ಹಳೇ ಮನೆ: ಕೆಡವಿ ಕಟ್ಟೋದಾ, ರಿಪೇರಿ ಮಾಡ್ಸೋದಾ?

ಪ್ರಶ್ನೆ: ಸರ್, ಶ್ರೀರಂಗಪಟ್ಟಣದ ಕೋಟೆ ಒಳಗೆ, ರಂಗನಾಥಸ್ವಾಮಿ ದೇವಸ್ಥಾನದ ಹತ್ರಾನೇ ನಮ್ಮ ತಾತನ ಕಾಲದ ಹೆಂಚಿನ ಮನೆ ಇದೆ. ಮಳೆ ಬಂದ್ರೆ ಅಡುಗೆಮನೆ ತುಂಬಾ ಸೋರತ್ತೆ. ಬಚ್ಚಲು ಹಿತ್ಲಲ್ಲಿ, ಅಮ್ಮಂಗೆ ರಾತ್ರಿ ಹೋಗಕ್ಕಾಗಲ್ಲ. ತಮ್ಮಂಗೆ ಮದುವೆ ಆಯ್ತು, ಮೇಲೊಂದು ರೂಮೂ ಬೇಕು. ಕಂಟ್ರಾಕ್ಟರು "ಪರ್ಮಿಷನ್ ಸಿಗಲ್ಲ, ಸುಮ್ನೆ ಕೆಡವಿ ಆರ್‌ಸಿಸಿ ಹಾಕ್ಸಿ" ಅಂತಾರೆ. ಏನ್ಮಾಡ್ಲಿ?

ಉತ್ತರ: ಏನಾದ್ರೂ ಮಾಡಿ, ಕೆಡವೋದು ಮಾತ್ರ ಬೇಡ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆದ್ಮೇಲೆ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ, ಅಂದ್ರೆ ಅನುಮತಿ ತಗೊಂಡೇ ಕಟ್ಬೇಕಾದ ಜಾಗ. ನಿಷೇಧಿತ ಜಾಗದಲ್ಲಿ ಇರೋ ಮನೇನ ರಿಪೇರಿ ಮಾಡ್ಸಕ್ಕೆ ಅನುಮತಿ ಕೇಳ್ಬೋದು, ಆದ್ರೆ ಒಂದ್ಸಲ ನೆಲಸಮ ಮಾಡಿದ್ರೋ ಅದೇ ಅಳತೇಲಿ ವಾಪಸ್ ಕಟ್ಟಕ್ಕೂ ಬಿಡಲ್ಲ, ಮನೆ ಹೋಗಿ ಖಾಲಿ ಸೈಟು ಉಳಿಯತ್ತೆ ಅಷ್ಟೆ. ಕದ್ದು ಕಟ್ಟಿದ್ರೆ 2 ವರ್ಷದವರೆಗೆ ಜೈಲು ಇಲ್ಲಾ 1 ಲಕ್ಷದವರೆಗೆ ದಂಡ, ಎರಡೂ ಆಗ್ಬೋದು. ಆಗ ಕೇಸು ಬೀಳೋದು ನಿಮ್ಮ ಮೇಲೆ, ಕಂಟ್ರಾಕ್ಟರು ಅಷ್ಟೊತ್ತಿಗೆ ಇನ್ನೊಂದು ಬೀದೀಲಿ ಸೆಂಟ್ರಿಂಗ್ ಹೊಡೀತಿರ್ತಾರೆ.

ಮೊದ್ಲು ಅಳತೆ ಮಾಡ್ಸಿ. ಗೋಪುರದಿಂದ ಹೆಜ್ಜೆ ಹಾಕಿ ಲೆಕ್ಕ ಹಾಕ್ಬೇಡಿ, ಸ್ಮಾರಕದ ಸಂರಕ್ಷಿತ ಗಡಿಯಿಂದ ಎಣಿಸ್ಬೇಕು. ದೇವಸ್ಥಾನ ಒಂದೇ ಅಂದ್ಕೋಬೇಡಿ, ನಿಮ್ಮೂರಲ್ಲಿ ಜುಮ್ಮಾ ಮಸೀದಿ, ಬೈಲಿ ಡಂಜನ್ ಅನ್ನೋ ಹಳೇ ಸೆರೆಮನೆ ಎಲ್ಲಾ ಇದಾವೆ, ಯಾವ್ದರಿಂದ ಎಷ್ಟು ದೂರ ಅಂತ ನೋಡ್ಬೇಕು.

100 ಮೀಟರ್ ಒಳಗೇ ಬಂದ್ರೆ ಮೇಲಿನ ರೂಮಿನ ಆಸೆ ಬಿಡಿ, ಎತ್ತರಕ್ಕೆ ಏರ್ಸೋದನ್ನ ಕಾನೂನು ಹೊಸ ಕಟ್ಟಡ ಅಂತಾನೇ ನೋಡತ್ತೆ. ಸೂರಿನ ರಿಪೇರಿ, ಈಗಿರೋ ಗೋಡೆಗಳ ಒಳಗೇ ಒಂದು ಬಾತ್‌ರೂಮು, ಇದಕ್ಕೆ ಅರ್ಜಿ ಹಾಕಿ. ಮನೆ 1992ರ ಜೂನ್ 16ಕ್ಕಿಂತ ಮುಂಚಿನದು ಅಂತ ತೋರ್ಸೋಕೆ ಹಳೇ ಕಂದಾಯದ ರಸೀದಿ, ಕರೆಂಟ್ ಬಿಲ್ಲು, ಪತ್ರ ಏನಿದ್ರೂ ಹುಡುಕಿ ಇಟ್ಕೊಳ್ಳಿ.

ನಿಮ್ಮ ಸಿಟ್ಟು ನಂಗೆ ಅರ್ಥ ಆಗತ್ತೆ. 2017ರಲ್ಲಿ ರೈಲ್ವೆ ಡಬಲ್ ಲೈನಿಗೆ ಅಡ್ಡ ಇತ್ತು ಅಂತ ಇದೇ ಊರಲ್ಲಿ ಟಿಪ್ಪು ಕಾಲದ ಮದ್ದಿನಮನೇನ ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದ್ರು, ಅಷ್ಟು ತಲೆ ಓಡ್ಸೋರು ಒಬ್ಬ ಅಮ್ಮನ ಬಚ್ಚಲಿಗೆ ಯಾಕೆ ದಾರಿ ಹುಡುಕಲ್ಲ ಅನ್ಸತ್ತೆ. ಬಯಲಲ್ಲಿರೋ ಗುಡೀಗೂ ಜನ ತುಂಬಿರೋ ಬೀದೀಗೂ ಒಂದೇ 100 ಮೀಟರ್ ಅನ್ನೋದು ನನ್ ಪ್ರಕಾರ ಸರಿ ಇಲ್ಲ, ಆದ್ರೂ ಇವತ್ತಿರೋ ಕಾನೂನು ಇದೇ.

ಸೂರಿಗೆ ಸ್ಲ್ಯಾಬ್ ಬೇಡ, ಹಳೇ ಮಣ್ಣಿನ ಗೋಡೆ ಆ ಭಾರ ತಡೆಯಲ್ಲ. ಕೊಳೆತ ತೊಲೆ, ರೀಪರು ಬದಲಾಯಿಸಿ ಹೆಂಚು ಮತ್ತೆ ಹೊದಿಸಿ. ಗೋಡೆಗೆ ಸುಣ್ಣದ ಗಾರೇನೇ ಮಾಡ್ಸಿ, ಸಿಮೆಂಟು ಬಳಿದ್ರೆ ತೇವ ಒಳಗೇ ನಿಂತು ಉಪ್ಪು ಬಿಟ್ಟು ಉದುರತ್ತೆ.

ಅರ್ಜಿ ಸಕ್ಷಮ ಪ್ರಾಧಿಕಾರದಿಂದ (ಅಂದ್ರೆ ಅರ್ಜಿ ತಗೊಂಡು ಅನುಮತಿ ಕೊಡೋ ಸರ್ಕಾರಿ ಅಧಿಕಾರಿಯಿಂದ) ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗಿ ಬರ್ಬೇಕು, ಕಾನೂನಲ್ಲಿ ಹೇಳಿರೋ ಗಡುವುಗಳನ್ನ ಕೂಡಿದ್ರೇನೇ ಮೂರೂವರೆ ತಿಂಗಳು. ಮುಂಗಾರಿಗೆ ಮುಂಚೆ ಹೆಂಚು ಕೂರ್ಬೇಕಂದ್ರೆ ಸಂಕ್ರಾಂತಿ ಹೊತ್ತಿಗೇ ಕೊಟ್ಬಿಡಿ.