ಫಿಲಿಪೀನ್ಸ್‌ನಲ್ಲಿ ಜನ ಇಷ್ಟಪಟ್ಟು ತಿನ್ನುವ ತಿಂಡಿಗಳು ಯಾವುವು?
ಊಟಗಳ ನಡುವಿನ ತಿಂಡಿಗೆ ಅಲ್ಲಿ ‘ಮೆರಿಯೆಂಡಾ’ ಎನ್ನುತ್ತಾರೆ. ನನಗೆ ಜಾಸ್ತಿ ಇಷ್ಟ ತುರೋನ್. ಸಬಾ ಬಾಳೆಹಣ್ಣನ್ನು ಸೀಳಿ, ಕಂದು ಸಕ್ಕರೆಯಲ್ಲಿ ಹೊರಳಿಸುತ್ತಾರೆ. ಪಕ್ಕದಲ್ಲಿ ಒಂದೆಳೆ ಹಲಸಿನ ತೊಳೆ ಇಟ್ಟು, ಹಿಟ್ಟಿನ ತೆಳು ಹಾಳೆಯಲ್ಲಿ ಸುತ್ತಿ ಕರಿಯುತ್ತಾರೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಹಲಸಿನ ಘಮ ಬೇರೆ! ಅದೇ ಬಾಳೆಹಣ್ಣು ಸಕ್ಕರೆ ಹಚ್ಚಿಕೊಂಡು ಕಡ್ಡಿಗೆ ಏರಿದರೆ ‘ಬನಾನಾ ಕ್ಯೂ’.

ಬಿಬಿಂಗ್ಕಾ ಅಕ್ಕಿ ಹಿಟ್ಟು, ತೆಂಗಿನ ಹಾಲಿನ ಕೇಕ್. ಬಾಳೆ ಎಲೆ ಹಾಸಿ, ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸುತ್ತಾರೆ. ಕ್ರಿಸ್‌ಮಸ್‌ಗೆ ಮುಂಚಿನ 9 ದಿನ, ನಸುಕಿನ ಪ್ರಾರ್ಥನೆ ಮುಗಿಸಿ ಬರುವವರಿಗೆ ಚರ್ಚ್ ಹೊರಗೇ ಬಿಸಿಬಿಸಿ ಸಿಗುತ್ತದೆ.

ಪ್ಯಾಕೆಟ್‌ನಲ್ಲಿ ಬೇಕಾದರೆ ಬೆಳ್ಳುಳ್ಳಿ ರುಚಿಯ ಮೆಕ್ಕೆಜೋಳ ‘ಬಾಯ್ ಬವಾಂಗ್’, ಸ್ಕೈಫ್ಲೇಕ್ಸ್ ಬಿಸ್ಕತ್ತು, ಸೆಬು ದ್ವೀಪದ ಒಣ ಮಾವು. ಸಸ್ಯಾಹಾರಿಗಳು ಚಿಚಾರೋನ್ ಮುಟ್ಟಬೇಡಿ, ಅದು ಸಾಮಾನ್ಯವಾಗಿ ಕರಿದ ಹಂದಿ ಚರ್ಮ.