ಜೋಳದ ದಂಟಿನ ಬಂಡಿ

ಪ್ರಶ್ನೆ: ಚಿಕ್ಕಂದಿನಲ್ಲಿ ಅಣ್ಣನೂ ನಾನೂ ಹೊಲದಲ್ಲಿ ಕೂತು ಜೋಳದ ದಂಟಿನ ಬಂಡಿ ಮಾಡುತ್ತಿದ್ದೆವು. ಈಗ ಮಕ್ಕಳಿಗೆ ಮಾಡಿಕೊಡಲು ಹೋದರೆ ಗಾಲಿ ಸೀಳುತ್ತದೆ, ತಿರುಗುವುದೂ ಇಲ್ಲ. ಏನು ಮಾಡಲಿ?
– ಓದುಗರು, ಸೇಡಂ ತಾಲ್ಲೂಕು

ಉತ್ತರ: ಮೊದಲು ದಂಟು ನೋಡಿ. ಹಸಿಯದು ಒಣಗುತ್ತ ಕುಗ್ಗಿ ಕಡ್ಡಿ ಸಡಿಲಾಗುತ್ತದೆ. ಮಳೆಗೆ ನೆನೆದ ಹಳೇ ಕಣಕಿಯ (ಒಣ ದಂಟಿನ) ಬೆಂಡು, ಅಂದರೆ ಒಳಗಿನ ತಿರುಳು, ಪುಡಿಯಾಗುತ್ತದೆ. ಹಿಂಗಾರಿ ಜೋಳ ಕೊಯ್ದ ಮೇಲೆ ಬಿಸಿಲಿಗೆ ಗರಿಗರಿಯಾಗಿ ಒಣಗಿದ, ಹೆಬ್ಬೆರಳ ದಪ್ಪದ್ದೇ ಸರಿ.

ಸಿಪ್ಪೆಯ ಅಂಚು ಬೆರಳು ಕೊಯ್ಯುತ್ತದೆ, ನೀವೇ ಸುಲಿಯಿರಿ. ಸಿಪ್ಪೆ ಎಸೆಯಬೇಡಿ, ಅದೇ ಮೊಳೆ, ಅದೇ ಅಚ್ಚು. ಗಾಲಿಗೆ ಬೆಂಡಿನಿಂದ 1 ಸೆಂ.ಮೀ. ದಪ್ಪದ ಎರಡು ಬಿಲ್ಲೆ ಕತ್ತರಿಸಿ. ಎರಡೂ ಒಂದೇ ಗಣ್ಣಿನವು, ಅಕ್ಕಪಕ್ಕದವು ಆಗಿರಬೇಕು. ದಂಟು ತುದಿಗೆ ಸಪೂರಾಗುವುದರಿಂದ ಇಲ್ಲವಾದರೆ ಬಂಡಿ ವಾಲುತ್ತದೆ. ಕಡ್ಡಿಯನ್ನು ನೇರ ತುರುಕುವುದರಿಂದಲೇ ಬೆಂಡು ಸೀಳುವುದು. ಮೊದಲು ಜಾಲಿ ಮುಳ್ಳಿನಿಂದ ನಟ್ಟನಡುವೆ ತೂತು ಮಾಡಿ, ಓರೆಯಾಗಿ ಚೂಪು ಮಾಡಿದ ಸಿಪ್ಪೆ ಕಡ್ಡಿಯನ್ನು ತಿರುಗಿಸುತ್ತ ತೂರಿಸಿ. ಅಚ್ಚು ಗಾಲಿಯಲ್ಲಿ ಬಿಗಿಯಾಗಿರಲಿ, ಬಂಡಿಯ ಅಡಿಯಲ್ಲಿ ಸಡಿಲವಾಗಿರಲಿ. ಎರಡೂ ಕಡೆ ಬಿಗಿದರೆ ಗಾಲಿ ತಿರುಗದು.

ಬಂಡಿಯ ಅಡಿಭಾಗಕ್ಕೆ ಸಿಪ್ಪೆ ಸಮೇತ 15 ಸೆಂ.ಮೀ. ಉದ್ದದ ಎರಡು ದಂಟು ಸಾಕು. ಮುಂದೆ ಕೂಡಿಸಿ ಕಟ್ಟಿ, ಹಿಂದೆ ಅಗಲಿಸಿ, ನಡುವೆ ಮೂರು ಅಡ್ಡಕಡ್ಡಿ ಹಾಕಿ. ಮಕ್ಕಳಿಬ್ಬರಿದ್ದರೆ ಒಬ್ಬರು ಹಗುರಾಗಿ ಹಿಡಿಯಲಿ, ಇನ್ನೊಬ್ಬರು ಚುಚ್ಚಲಿ. ಒಂದೇ ಕೈಯಲ್ಲಿ ಒತ್ತಿ ಹಿಡಿದರೆ ಬೆಂಡು ನಜ್ಜಾಗುತ್ತದೆ.