ಆಟ ಬಿಡಬೇಕಾ?

ಪ್ರಶ್ನೆ: ಶಿರಸಿಯಲ್ಲಿ ಬಿ.ಕಾಂ. ಓದುತ್ತಿದ್ದೇನೆ, ಕಾಲೇಜಿನ ಕಬಡ್ಡಿ ತಂಡದಲ್ಲಿದ್ದೇನೆ. ಧಾರವಾಡದಲ್ಲಿ ಆಡಿ ಬರುವಷ್ಟರಲ್ಲಿ ಇಂಟರ್ನಲ್ಸ್ ಮುಗಿದಿತ್ತು. ಹಾಜರಾತಿಯೂ ಕಡಿಮೆ. ಆಟ ಬಿಡು ಅಂತಾರೆ ಮನೆಯಲ್ಲಿ.

ಉತ್ತರ: ಬಿಡಬೇಡ ತಂಗಿ. ಅನಿಲ್ ಕುಂಬ್ಳೆ 1990ರಲ್ಲೇ ಟೆಸ್ಟ್ ಆಡಿದವರು, ಎಂಜಿನಿಯರಿಂಗನ್ನೂ ಮುಗಿಸಿದರು. ಮೊದಲು ಕಾಗದದ ಕೆಲಸ. ಆಡಲು ಹೋದ ದಿನಗಳ ಹಾಜರಾತಿ ತಾನಾಗಿ ಬರುವುದಿಲ್ಲ, ಹೊರಡುವ ಮುಂಚೆಯೇ ದೈಹಿಕ ಶಿಕ್ಷಣ ನಿರ್ದೇಶಕರಿಂದ ಪತ್ರ ಬರೆಸಿ, ಪ್ರಿನ್ಸಿಪಾಲರ ಸಹಿ ಹಾಕಿಸಿ, ಪ್ರತಿ ವಿಷಯದ ಮೇಷ್ಟ್ರಿಗೂ ಒಂದೊಂದು ಪ್ರತಿ ಕೊಟ್ಟು ಹೋಗಬೇಕು. ಈಗ ಆಡಿದ ಪ್ರಮಾಣಪತ್ರ ಹಿಡಿದು ನಾಳೆಯೇ ಹೋಗಿ ಮರುಪರೀಕ್ಷೆ ಕೇಳು. ಸೆಮಿಸ್ಟರ್ ಕೊನೆಗೆ ಕೇಳಿದರೆ ಅವರ ಕೈಯಲ್ಲೂ ಏನೂ ಇರುವುದಿಲ್ಲ.

ಇನ್ನು ಓದು. ಬಸ್ಸಿನಲ್ಲಿ ಥಿಯರಿ ಓದಬಹುದು, ಅಕೌಂಟೆನ್ಸಿ ಆಗಲ್ಲ, ಅದಕ್ಕೆ ಪೆನ್ನು ಹಿಡಿದು ಲೆಕ್ಕ ಮಾಡಲೇಬೇಕು, ಹಾಗಾಗಿ ಕಬಡ್ಡಿ ಅಭ್ಯಾಸ ಇಲ್ಲದ ದಿನ ಅದಕ್ಕೇ ಇಡು. ತಪ್ಪಿದ ಪಾಠಕ್ಕೆ ಗೆಳತಿಯ ನೋಟ್ಸ್ ಸಾಕಾಗದು, ಮೇಷ್ಟ್ರ ಹತ್ತಿರ ಅರ್ಧ ಗಂಟೆ ಕೇಳು. ಸಂಕೋಚ ಬೇಡ. ಕಾಲೇಜಿನ ಹೆಸರಿಗೆ ಆಡಿದವಳಿಗೆ ಪಾಠ ಹೇಳಿಕೊಡುವುದು ಕಾಲೇಜಿನ ಕೆಲಸವೇ ಅಲ್ವಾ? ಅಪ್ಪ ಅಮ್ಮನನ್ನು ಒಮ್ಮೆ ನಿರ್ದೇಶಕರ ಹತ್ತಿರ ಕರೆದುಕೊಂಡು ಹೋಗು.